ತೊಟ್ಟಿಲಿಗಿಂತ ಮೊದಲು ಎಂಜಿನ್

ಮಗು ಬರುವಷ್ಟರಲ್ಲಿ ಮಾದರಿ ರೈಲಿನ ಎಂಜಿನ್ ಕಟ್ಟಿ ಮುಗಿಸುತ್ತೇನೆ, ಅದೇ ಕೋಣೆಯಲ್ಲಿ ತೊಟ್ಟಿಲೂ ಇರುತ್ತದೆ ಎಂದು ಬರೆದಿದ್ದೀರಿ. ಓದಿ ನಗು ಬಂತು. ಎರಡು ವರ್ಷದ ಹಿಂದೆ ನಾನೂ ಹೀಗೇ ಹೊರಟಿದ್ದೆ.

ನನ್ನದು ನಮ್ಮ ರೈಲ್ವೆಯ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್, 1:87 ಅಳತೆ, ಅಂದರೆ ನಿಜದ 87ನೇ ಒಂದು ಭಾಗ. 17 ಮೀಟರ್ ಉದ್ದದ ಎಂಜಿನ್ ಮೇಜಿನ ಮೇಲೆ ಸುಮಾರು 20 ಸೆಂ.ಮೀ. ಆಗುತ್ತದೆ. ತಲೆನೋವು ಹಳಿಯದು. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., ಅಂದರೆ ಮಾದರಿಯಲ್ಲಿ 19 ಮಿ.ಮೀ. ದಾಟಬೇಕು. ಅಂಗಡಿಯಲ್ಲಿ 1:87 ಮಾದರಿಗೆಂದು ಸಿಗುವ ಎಚ್‌ಒ ಹಳಿಯಲ್ಲಿ ಅದು 16.5 ಮಿ.ಮೀ. ಸುಮ್ನೆ ಅದಕ್ಕೇ ಒಪ್ಪಿಕೊಂಡೆ. ಹಳಿಯನ್ನೂ ಕೈಯಲ್ಲೇ ಮಾಡಲು ಕೂತಿದ್ದರೆ ಮಗು ಶಾಲೆಗೆ ಸೇರಿದರೂ ಮುಗಿಯುತ್ತಿರಲಿಲ್ಲ.

ಒಂದು ಮಾತು. ಬೆಸುಗೆ ಕೆಲಸವನ್ನು ಆ ಕೋಣೆಯಿಂದ ಇವತ್ತೇ ಹೊರಗೆ ಹಾಕಿ. 60/40 ಬೆಸುಗೆ ತಂತಿಯಲ್ಲಿ 40 ಭಾಗ ಸೀಸ. ಕೈಗೆ ಮೆತ್ತಿದ್ದು, ಮೇಜಿನ ಮೇಲೆ ಉದುರಿದ್ದು ತಾಯಿಯ ಹೊಟ್ಟೆಗೆ ಹೋದರೆ ಮಗುವಿಗೂ ತಲುಪುತ್ತದೆ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಬಳಸುವ ಫ್ಲಕ್ಸ್‌ನ ಹೊಗೆಯೂ ಒಳ್ಳೆಯದಲ್ಲ. ನಾನು ಗಂಟುಮೂಟೆ ಕಟ್ಟಿಕೊಂಡು ಬಾಲ್ಕನಿ ಸೇರಿದೆ.

ಸೀಮಂತಕ್ಕೆ ಬಂದ ನಮ್ಮತ್ತೆ ಅರ್ಧ ಬಣ್ಣದ ಎಂಜಿನ್ ನೋಡಿ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ ಅಳಿಯಂದಿರೇ. ರೈಲಿಗೆ ಅಂಥದ್ದೇನೂ ಹೇಳಿಲ್ಲ, ಬೇಗ ಮುಗಿಸಿ" ಅಂದರು. ಎಲ್ಲಿಂದ! ಎಂಜಿನ್ ಪಕ್ಕದ ಹಿಡಿಕಂಬಿಗಳು ಇನ್ನೂ ಬಾಕಿ. ಮಗಳು ಈಗ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾಳೆ. ಸ್ಕ್ರೂ, ಕೊಂಡಿ, ಗಾಲಿಗಳ ಡಬ್ಬಿ ಅಟ್ಟದ ಮೇಲೆ ಕೂತಿದೆ.