ಕೇಳಿದ್ದು ಮಗುವನ್ನ, ಉತ್ತರ ಮಾತ್ರ ನಮ್ಮದು!

ಮೊನ್ನೆ ಐದು ವರ್ಷದ ಮಗಳ ಜೊತೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಬಾಳೆಹಣ್ಣು ಮಾರುವ ಅಜ್ಜ ಅವಳ ಕಡೆ ಬಗ್ಗಿ, "ಏನ್ ಪುಟ್ಟಿ, ರಸಬಾಳೆ ಬೇಕಾ, ಏಲಕ್ಕಿ ಬೇಕಾ?" ಅಂದರು. ಅವಳು ಎರಡೂ ಗೊನೆ ನೋಡಿದಳು. ಫ್ರಾಕಿನ ತುದಿ ಬೆರಳಿಗೆ ಸುತ್ತಿಕೊಂಡಳು. ಇನ್ನೇನು ಬಾಯಿ ತೆರೆದಳು, ಅಷ್ಟರಲ್ಲಿ ನಮ್ಮತ್ತೆ, "ಏಲಕ್ಕಿನೇ ಕೊಡಿ, ಅವಳಿಗೆ ಅದೇ ಇಷ್ಟ" ಅಂದುಬಿಟ್ಟರು. ತೆರೆದ ಬಾಯಿ ಹಾಗೇ ಮುಚ್ಚಿತು.

ಎಲ್ಲಾ ಕಡೆ ಇದೇ ಕಥೆ. ಡಾಕ್ಟರು "ಎಲ್ಲಿ ನೋವು ಕಂದಾ?" ಅಂದರೆ ಉತ್ತರ ಅಪ್ಪನದು. ಹೆಸರು ಕೇಳಿದರೂ ಅಮ್ಮನೇ ಹೇಳಬೇಕು. (ನಾನೂ ಎಷ್ಟೋ ಸಲ ಹೇಳಿದ್ದೇನೆ, ಸುಳ್ಳು ಯಾಕೆ?) ಆಮೇಲೆ ಅವಳ ಎದುರಿಗೇ, "ನಮ್ಮದು ತುಂಬಾ ನಾಚಿಕೆ" ಅಂತ ರಾಗ. ಪುಟ್ಟ ಮಕ್ಕಳಿಗೆ ಮಾತು ಹುಡುಕೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೇ. ಮನಸ್ಸಲ್ಲೇ ಹತ್ತರವರೆಗೆ ಎಣಿಸೋಕೆ ನಮಗೇನು ಕಷ್ಟ?

ಇನ್ನು ನೆಂಟರು ಬಂದು ಕೆನ್ನೆ ಹಿಂಡಿದಾಗ ಮಗು "ಬೇಡ" ಅಂದರೆ, "ದೊಡ್ಡವರಿಗೆ ಹಾಗನ್ನಬಾರದು" ಅಂತ ಗದರುತ್ತೇವೆ. ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು ಅಂತ ಅದೇ ಮಗುವಿಗೆ ಬಾಯಿಪಾಠ ಮಾಡಿಸುತ್ತೇವೆ. ಮನೆಯಲ್ಲೇ "ಬೇಡ" ಅನ್ನೋಕೆ ಬಿಡದಿದ್ದರೆ ಫೋನಲ್ಲಿ ಏನಂತ ಹೇಳುತ್ತೆ ಅದು?

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು, "ಅಮ್ಮಾ, ನಂಗೆ ರಸಬಾಳೆ ಬೇಕಿತ್ತು."

ಭಾನುವಾರ ಮತ್ತೆ ಹೋಗಬೇಕು. ಈ ಸಲ ಅತ್ತೆಯನ್ನು ಬಿಟ್ಟು.