ಸತ್ಯಾಂಶ: ಇಂಗ್ಲಿಷ್‌ನಲ್ಲಿ ಆರ್ಟಿಕಲ್ (ಎ, ಆ್ಯನ್, ದ) ಬಿಟ್ಟರೂ ನಡೆಯುತ್ತದೆಯೇ?

‘ಎ, ಆ್ಯನ್, ದ ಬರೀ ಅಲಂಕಾರ, ಪತ್ರಿಕೆಯ ತಲೆಬರಹಗಳಲ್ಲೇ ಅವು ಇರುವುದಿಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ತಲೆಬರಹದಲ್ಲಿ ಅವನ್ನು ಬಿಡುವುದು ಜಾಗ ಉಳಿಸಲು. ಕೆಳಗಿನ ಸುದ್ದಿಯಲ್ಲಿ ಅವೆಲ್ಲ ಇರುತ್ತವೆ.

ಬೆಂಗಳೂರಿಗೆ ಹೊಸದಾಗಿ ಬಂದವರು ಇಂಟರ್‌ವ್ಯೂನಲ್ಲಿ ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್ ಹಿಯರ್’ ಎಂದರೆ, ಗೆಳೆಯರು ಇಲ್ಲವೆನ್ನುವಷ್ಟು ಕಡಿಮೆ ಎಂದಾಗುತ್ತದೆ. ‘ಎ ಫ್ಯೂ’ ಎಂದರೆ ಒಂದಷ್ಟು ಜನ ಇದ್ದಾರೆ. ಒಂದೇ ಅಕ್ಷರ ಅರ್ಥವನ್ನೇ ತಿರುಗಿಸುತ್ತದೆ.

ಎಣಿಸಬಹುದಾದ ವಸ್ತುವಿನ ಏಕವಚನ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲದು. ‘ಐ ಬಾಟ್ ಬೈಕ್’ ತಪ್ಪು. ಮೊದಲ ಸಲ ‘ಎ ಬೈಕ್’. ಯಾವುದೆಂದು ಕೇಳುವವರಿಗೆ ಗೊತ್ತಾದ ಮೇಲೆ ‘ದ ಬೈಕ್’. ‘ಮೈ’, ‘ದಿಸ್’ ಇದ್ದರೆ ಆರ್ಟಿಕಲ್ ಬೇಡ. ‘ಬೈ ಬಸ್’ನಂಥ ರೂಢಿಗಳು ಹೊರತು. ‘ಅಡ್ವೈಸ್’, ‘ಇನ್ಫರ್ಮೇಶನ್’ ಎಣಿಕೆಗೆ ಸಿಗದವು, ಅವಕ್ಕೆ ‘ಎ’ ಸೇರದು.

ಕನ್ನಡಿಗರು ಎಡವಲು ಕಾರಣ ಅಜಾಗ್ರತೆಯಲ್ಲ. ನಮ್ಮಲ್ಲಿ ಆರ್ಟಿಕಲ್ ಇಲ್ಲ. ‘ಪುಸ್ತಕ ತಂದೆ’, ‘ಪುಸ್ತಕವನ್ನು ತಂದೆ’ ಎಂಬಲ್ಲಿ ಯಾವುದೋ ಒಂದು ಪುಸ್ತಕವೋ, ಗೊತ್ತಿರುವ ಪುಸ್ತಕವೋ ಎಂದು ತೋರಿಸುವ ಕೆಲಸವನ್ನು ಎಷ್ಟೋ ಸಲ ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯವೇ ಮಾಡುತ್ತದೆ.

‘ಆ್ಯನ್’ಗೆ ಕಾಗುಣಿತ ನೋಡಬೇಡಿ, ಉಚ್ಚಾರ ಕೇಳಿ: ‘ಆ್ಯನ್ ಅವರ್’, ‘ಆ್ಯನ್ ಎಂಬಿಎ’, ಆದರೆ ‘ಎ ಯೂನಿವರ್ಸಿಟಿ’.