ಲವ್ ಎಲ್ಲಾ ಕಡೆ ಒಂದೇ ಅಂತ ಮಾತ್ರ ಹೇಳ್ಬೇಡಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಅಕ್ಕನ ಮಗಳು, ಅವಳ ಇಬ್ಬರು ಫ್ರೆಂಡ್ಸು ನಮ್ಮನೆ ಹಾಲಲ್ಲಿ ಕೂತ್ಕೊಂಡು ಗಂಟೆಗಟ್ಟಲೆ 'ಕ್ವೆಶ್ಚನೆಬಲ್ ಕಂಟೆಂಟ್' ಅನ್ನೋ ಕಾಮಿಕ್ ಬಗ್ಗೆ ಜಗಳ ಆಡಿದ್ರು. 2003ರಿಂದ ಇಂಟರ್ನೆಟ್ಟಲ್ಲಿ ಬರ್ತಿರೋ ವೆಬ್‌ಕಾಮಿಕ್ಕು, ಇವಳಿಗೆ ಅದರ ಹುಚ್ಚು ಹಿಡಿಸಿದ್ದೇ ನಾನು. ಅದರ ಹೀರೋ ಮಾರ್ಟನ್‌ಗೆ ಫೇ ಅನ್ನೋ ಹುಡುಗೀನೇ ಸರಿ ಅಂತ ಒಬ್ಬಳು, ಇಲ್ಲ ಕ್ಲೇರ್ ಅಂತ ಇನ್ನೊಬ್ಬಳು, ಡೋರಾ ಪಾಪ ಅಂತ ಮೂರನೆಯವಳು. ಆಡ್ಲಿ, ನಾನೂ ಆಡಿದೀನಿ. ಆದ್ರೆ ಇವರೆಲ್ಲಾ ಯಾವೂರಲ್ಲಿರೋದು ಅಂತ ಕೇಳಿದ್ರೆ ಮೂವರೂ ಮುಖ ಮುಖ ನೋಡ್ಕೊಂಡ್ರು! "ಯಾವೂರಾದ್ರೇನು ಚಿಕ್ಕಮ್ಮ, ಲವ್ ಎಲ್ಲಾ ಕಡೆ ಒಂದೇ ಅಲ್ವಾ."

ಅಲ್ಲ ಕಣೇ. ಅದು ಮಸಾಚುಸೆಟ್ಸ್‌ನ ನಾರ್ಥಾಂಪ್ಟನ್. ಫೇ ಟೋಸ್ಟ್ ಮಾಡೋಕೆ ಹೋಗಿ ತಾನಿದ್ದ ಮನೆಗೇ ಬೆಂಕಿ ಹಚ್ಕೊಂಡು, ಇರೋಕೆ ಜಾಗ ಇಲ್ದೆ ಮಾರ್ಟನ್ ಮನೆಗೆ ಬರ್ತಾಳೆ, ಅವಳು ಕೆಲಸ ಮಾಡೋ ಕಾಫಿ ಅಂಗಡಿ ಡೋರಾದು, ಆ ಡೋರಾನೇ ಮುಂದೆ ಮಾರ್ಟನ್ ಗರ್ಲ್‌ಫ್ರೆಂಡ್ ಆಗ್ತಾಳೆ. ಆ ಮನೆ, ಆ ಅಂಗಡಿ ತೆಗೆದುಬಿಡಿ, ನಿಮ್ಮ ಜಗಳಕ್ಕೆ ಏನು ಉಳಿಯುತ್ತೆ?

"ಅದ್ರಲ್ಲಿ ರೋಬೋಟು ಓಡಾಡ್ತಾವೆ, ಅದ್ಯಾವ ರಿಯಲಿಸ್ಟಿಕ್" ಅಂದ್ಳು ಒಬ್ಬಳು. ರೋಬೋಟ್ ಇರ್ಲಿ ಬಿಡಮ್ಮ. ಅಲ್ಲಿನ ಮನುಷ್ಯರಿಗೆ ದುಡಿಮೆ ಇದೆ, ಬಾಡಿಗೆ ಮನೆ ಇದೆ, ನನಗೆ ಅಷ್ಟು ಸಾಕು.

ನಿಜವಾಗ್ಲೂ ಸಿಟ್ಟು ಬಂದಿದ್ದು ಆಮೇಲೆ. ನಮ್ ಹುಡುಗಿ ತಾನೇ ಬರೀತಿರೋ ಕಾಮಿಕ್ ತೋರಿಸಿದ್ಳು. ಕೈ ಎಷ್ಟು ಚೆನ್ನಾಗಿದೆ ಅಂತೀರಾ, ನೋಡಿ ಕಣ್ಣಲ್ಲಿ ನೀರು ಬಂತು. ಹೆಸರುಗಳು ನಮ್ಮವೇ, ಕಥೆ ತುಮಕೂರಲ್ಲೇ ನಡೆಯುತ್ತಂತೆ. ಆದ್ರೆ ಇಪ್ಪತ್ತು ವರ್ಷದ ಹುಡುಗಿ ಒಬ್ಬಳೇ ಫ್ಲ್ಯಾಟಲ್ಲಿ ಇದ್ದಾಳೆ, ಹುಡುಗ ರಾತ್ರಿ ಹನ್ನೊಂದಕ್ಕೆ ಹೂ ಹಿಡ್ಕೊಂಡು ಬಂದು ಬೆಲ್ ಮಾಡ್ತಾನೆ. ಎಸ್.ಎಸ್.ಪುರಂನಲ್ಲಿ ಇದು ಆಗುತ್ತಾ? ಮನೆ ಓನರ್ ಎಲ್ಲಿ, ಎದುರು ಮನೆ ಆಂಟಿ ಎಲ್ಲಿ? ಅಮಾನಿಕೆರೆ ಏರಿ ಮೇಲೆ ಇಬ್ಬರು ಹತ್ತು ನಿಮಿಷ ಕೂತ್ರೆ ಮನೆ ಸೇರೋದ್ರೊಳಗೆ ಅಪ್ಪಂಗೆ ಫೋನ್ ಹೋಗಿರುತ್ತೆ. ಆ ಭಯ, ಅದನ್ನ ತಪ್ಪಿಸೋಕೆ ಇಬ್ಬರೂ ಮಾಡೋ ಉಪಾಯ, ಅದೇ ಅಲ್ವಾ ನಮ್ಮೂರ ಲವ್ವು?

ಹಳೇ ಫ್ರೆಂಡ್ಸ್‌ಗೆ ಗೊತ್ತು, ನಾನು ನಾಲ್ಕು ವರ್ಷ ಬೆಳಗಿನ ಪ್ಯಾಸೆಂಜರಲ್ಲಿ ಬೆಂಗಳೂರಿಗೆ ಓಡಾಡಿದೋಳು. ಗೊತ್ತಿಲ್ದೇ ಇರೋದು, ಅವನು ಕ್ಯಾತ್ಸಂದ್ರದಲ್ಲಿ ಹತ್ತುತಿದ್ದ ಅಂತ ನಾನು ಲೇಡೀಸ್ ಬೋಗಿ ಬಿಟ್ಟಿದ್ದೆ. ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ನಿಂತ್ಕೊಂಡೇ ಮಾತು, ಯಶವಂತಪುರ ಬಂದ್ರೆ ಅವನೊಂದು ಕಡೆ ನಾನೊಂದು ಕಡೆ. ಟ್ರೈನ್ ಬಿಟ್ಟು ಬೇರೆ ಎಲ್ಲೂ ನಾವು ಒಂದು ಸಲಾನೂ ಸಿಕ್ಕಿಲ್ಲ. ಆಮೇಲೆ ಅವನು ಬೆಂಗಳೂರಲ್ಲೇ ರೂಮ್ ಮಾಡಿದ, ಪಾಸ್ ರಿನ್ಯೂ ಮಾಡಿಸ್ಲಿಲ್ಲ. ಜಗಳ ಇಲ್ಲ, ಮಧ್ಯ ಬೇರೆ ಯಾರೂ ಬರ್ಲಿಲ್ಲ. ಪಾಸ್ ಮುಗೀತು, ಅಷ್ಟೇ. ಇದನ್ನ ನಾರ್ಥಾಂಪ್ಟನ್‌ನಲ್ಲಿ ಬರೀರಿ ನೋಡೋಣ.

ಇಷ್ಟೆಲ್ಲಾ ಆ ಹುಡುಗಿ ಹತ್ರ ಹೇಳ್ಬಿಟ್ಟೆ, ಅಕ್ಕಂಗೂ ಹೇಳಿರ್ಲಿಲ್ಲ. ಸುಮಾರು ಹೊತ್ತು ಸುಮ್ನಿದ್ದು, "ನೀವು ಯಾವ ಬಾಗಿಲ ಹತ್ರ ನಿಲ್ತಿದ್ರಿ" ಅಂತ ಕೇಳಿದ್ಳು. ಭಾನುವಾರ ಹೋಗಿ ನೋಡೋಣ ಅಂದ್ಳು. ಭಾನುವಾರ ಬೇಡ, ಬೋಗಿ ಖಾಲಿ ಇರುತ್ತೆ, ಸೋಮವಾರ ಬೆಳಿಗ್ಗೆ ಕರ್ಕೊಂಡು ಹೋಗ್ತೀನಿ ಅಂದಿದೀನಿ.